ಹುಲ್ಲಿನಲ್ಲಿ ನಿಂತ ನನ್ನ ರಾಜರು

ಬೈಲಹೊಂಗಲದ ಬೇಸಿಗೆಯಲ್ಲಿ, ಮನೆಯೊಳಗೇ, ಕಾಲುಚೀಲ ಹಾಕಿಕೊಂಡು ಓಡಾಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿಲ್ಲವಾದರೆ ಒಮ್ಮೆ ನಮ್ಮ ಮನೆಗೆ ಬನ್ನಿ. ಊರಿಗೆ ಊರೇ ಬನಿಯನ್ನಿನಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿರುವಾಗ ನಾನು ಮಾತ್ರ ಬೂದುಬಣ್ಣದ ಉಣ್ಣೆಯ ಚೀಲಗಳಲ್ಲಿ ಎರಡೂ ಪಾದಗಳನ್ನು ಹುದುಗಿಸಿಕೊಂಡು ಪೇಪರು ಓದುತ್ತಿರುತ್ತೇನೆ. ಮೊದಲು ಕೇಳಿದವನು ಹಾಲಿನವನು. “ಯಾಕ್ರಿ ಮಾಸ್ತರ, ಸಕ್ಕರಿ ಬ್ಯಾನಿ ಬಂತೇನ್ರಿ?” ಬೇರೆ ಕಾರಣ ಹೊಳೆಯದೆ ಹೂಂ ಎಂದುಬಿಟ್ಟೆ. ಸುದ್ದಿ ಓಣಿ ತುಂಬ ಹರಡಿ, ಈಗ ಯಾರ ಮನೆಗೆ ಹೋದರೂ ನನಗೆ ಸಪ್ಪನೆ ಚಹಾ. ಇಲ್ಲದ ಬೇನೆಯನ್ನು ಒಪ್ಪಿಕೊಂಡವನಿಗೆ ಇಷ್ಟಾದರೂ ಶಿಕ್ಷೆ ಬೇಡವೆ?

ನಿಜವಾದ ಕಾರಣ ನಾಚಿಕೆ. ನನ್ನ ಪಾದಗಳನ್ನು ಕಂಡರೆ ನನಗೆ ನಾಚಿಕೆಯಾಗುತ್ತದೆ. ಸ್ನಾನ ಮಾಡುವಾಗಲೂ ಗೋಡೆ ನೋಡುತ್ತಲೇ ನೀರು ಹೊಯ್ದುಕೊಳ್ಳುತ್ತೇನೆ. ಮೊಮ್ಮಕ್ಕಳನ್ನು ಕಂಡ ಮನುಷ್ಯ ತನ್ನದೇ ಎರಡು ಪಾದಗಳಿಗೆ ಹೆದರಿ ಹೀಗೆ ಬದುಕಬೇಕಾಗಿ ಬಂದದ್ದು ಹೇಗೆಂದು ಹೇಳುತ್ತೇನೆ. ನಡುವೆ ಎಲ್ಲಾದರೂ ಅಡ್ಡದಾರಿ ಹಿಡಿದರೆ ನೀವು ಸಣ್ಣಗೆ ಕೆಮ್ಮಿ ಎಚ್ಚರಿಸಬೇಕು.

ನಾನು ಪುಸ್ತಕಗಳಿಗೆ ಚಿತ್ರ ಬರೆಯುವವನು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರಿಕೆ ಹೊಟ್ಟೆಪಾಡಿಗಾಯಿತು. ಜೀವ ಇದ್ದದ್ದು ಕಥೆಪುಸ್ತಕಗಳ ಚಿತ್ರದಲ್ಲಿ. ನೀವು ಈ ಕಡೆಯವರಾಗಿದ್ದು ನಿಮ್ಮ ತಲೆ ಈಗ ನರೆತಿದ್ದರೆ, ಶಾಲೆಯ ಕಪಾಟಿನಲ್ಲಿ ನನ್ನ ರಾಜರನ್ನು, ಋಷಿಗಳನ್ನು, ಮಾತಾಡುವ ನರಿಗಳನ್ನು ಖಂಡಿತ ಕಂಡಿರುತ್ತೀರಿ. ನನ್ನ ರಾಣಿಯರಿಗೆ ಪೆನ್ನಿನಿಂದ ಮೀಸೆ ಬರೆದವರಲ್ಲಿ ನೀವೂ ಒಬ್ಬರಿರಬಹುದು. ಇರಲಿ, ನಾನು ಸಿಟ್ಟಾಗುವುದಿಲ್ಲ. ಧಾರವಾಡದ ಪ್ರಕಾಶಕರೊಬ್ಬರು ಕಥೆಯ ಹಾಳೆಗಳನ್ನು ಸುತ್ತಿ ನಮ್ಮ ಊರಿನ ಬಸ್ ಕಂಡಕ್ಟರ ಮಹಾದೇವಪ್ಪನ ಕೈಲಿ ಕಳಿಸುತ್ತಿದ್ದರು. ನಾನು ಚಿತ್ರ ಬರೆದು ಅದೇ ಮಹಾದೇವಪ್ಪನ ಟಿಕೀಟು ಪೆಟ್ಟಿಗೆಯ ಪಕ್ಕದಲ್ಲಿಟ್ಟು ವಾಪಸು ಕಳಿಸುತ್ತಿದ್ದೆ. ಚಿತ್ರ ಅಚ್ಚಿಗೆ ಬೇಕಾದ ಸತುವಿನ ಬ್ಲಾಕಾಗಿ, ಕಟ್ಟಿಗೆಯ ತುಂಡಿಗೆ ಮೊಳೆ ಹೊಡೆಸಿಕೊಂಡು, ಮಸಿ ಮೆತ್ತಿಸಿಕೊಂಡು ಪುಸ್ತಕವಾಗಿ ಬರುವಷ್ಟರಲ್ಲಿ ನನ್ನ ನವಿರಾದ ಗೆರೆಗಳೆಲ್ಲ ಹೊರಸಿನ ಹಗ್ಗದಷ್ಟು ದಪ್ಪಗಾಗಿರುತ್ತಿದ್ದವು. ಆದರೂ ಹೊಸ ಪುಸ್ತಕವನ್ನು ಮೂಗಿಗೆ ಹಿಡಿದು ಮಸಿಯ ವಾಸನೆ ಎಳೆದುಕೊಳ್ಳುವಾಗ ನಾನೇ ರಾಜ.

ಮುಖ ಬರೆಯುವುದು ನನಗೆ ಸಲೀಸು. ಹತ್ತಿಯ ಜಿನ್ನಿನ ಮುಂದೆ ಚಕ್ಕಡಿ ಬಿಟ್ಟು ಕೂತ ಒಕ್ಕಲಿಗರು, ಪೇಟೆಯ ಅಡತಿ ಅಂಗಡಿಯವರು, ಸಂತೆಯ ಮೆಣಸಿನಕಾಯಿ ಮುದುಕಿಯರು ಎಲ್ಲರ ಮುಖವನ್ನೂ ಅವರಿಗೆ ಗೊತ್ತಿಲ್ಲದೆ ಎತ್ತಿಕೊಂಡು ಬಂದು ಕಿರೀಟವಿಟ್ಟು ಕೂರಿಸಿಬಿಡುತ್ತಿದ್ದೆ. ಗೊತ್ತಾದರೂ ಯಾರೂ ಬೇಸರಪಡಲಿಲ್ಲ. ರಾಮದುರ್ಗದ ನನ್ನ ಮಾವನವರನ್ನು ಒಮ್ಮೆ ಮಕ್ಕಳನ್ನು ನುಂಗುವ ರಾಕ್ಷಸನನ್ನಾಗಿ ಬರೆದಿದ್ದೆ. ಹೆಂಡತಿ ಶಾಂತಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮಾವನವರು ಮಾತ್ರ ಆ ಪುಸ್ತಕವನ್ನು ಹೆಗಲ ಚೀಲದಲ್ಲಿಟ್ಟುಕೊಂಡು ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆ, “ನೋಡ್ರಿ, ನಮ್ಮ ಅಳಿಯ ನನ್ನ ಹ್ಯಾಂಗ ತಗದಾನ!” ಎಂದು ತೋರಿಸುತ್ತ ತಿರುಗಿದರು.

ಮುಖ ಬಂತು, ಕೈ ಬಂತು, ಕುದುರೆಯ ಬಾಲವೂ ಬಂತು. ಬಾರದೇ ಉಳಿದದ್ದು ಒಂದೇ, ಪಾದ.

ಯಾಕೆ ಬರಲಿಲ್ಲವೆಂದು ಕೇಳಬೇಡಿ. ಈಜು ಬಾರದವನನ್ನು ಯಾಕೆ ಮುಳುಗುತ್ತೀ ಎಂದು ಕೇಳಿದ ಹಾಗಾಗುತ್ತದೆ. ಮೊಣಕಾಲಿನವರೆಗೆ ಸರಾಗವಾಗಿ ಇಳಿದ ಗೆರೆ ಹರಡಿನ, ಅಂದರೆ ಕಾಲ್ಗಂಟಿನ, ಹತ್ತಿರ ಬಂದದ್ದೇ ಕಕ್ಕಾಬಿಕ್ಕಿಯಾಗುತ್ತಿತ್ತು. ಬೆರಳು ಬರೆದರೆ ಶೇಂಗಾ ಬುಡ್ಡಿ, ಹಿಮ್ಮಡಿ ಬರೆದರೆ ಬದನೆಕಾಯಿ. ನನ್ನ ಮೊದಲ ಪುಸ್ತಕದಲ್ಲಿ ಕಾಡಿಗೆ ಹೋದ ರಾಜನೊಬ್ಬನಿದ್ದ. ಅವನ ಎರಡೂ ಪಾದಗಳು ಎಡಗಾಲಿನವೇ ಆಗಿ ಕೂತಿದ್ದವು. ಬಸ್ಸು ಹೊರಡುವ ಹೊತ್ತು. ಹೊರಗೆ ಮಹಾದೇವಪ್ಪ ಸೀಟಿ ಊದುತ್ತಿದ್ದಾನೆ. ಗಾಬರಿಯಲ್ಲಿ ರಾಜನ ಹರಡಿನ ಸುತ್ತ ಹುಲ್ಲು ಬೆಳೆಸಿಬಿಟ್ಟೆ. ವಾರ ಬಿಟ್ಟು ಪ್ರಕಾಶಕರು ಅದೇ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿದರು: “ಹುಲ್ಲು ಭಾಳ ಚಲೋ ಬಂದೈತಂತ್ರಿ ಮಾಸ್ತರ. ಎತ್ತು ಬಿಟ್ಟರ ಮೇಯಬೇಕು ಅಂದ್ರು.”

ಅವತ್ತಿನಿಂದ ನನ್ನ ಬೆರಳಿಗೆ ಹುಲ್ಲೇ ಅಂಟಿಕೊಂಡಿತು. ಋಷಿಗಳೆಲ್ಲ ನದಿಯಲ್ಲಿ ನಿಂತು ತಪಸ್ಸು ಮಾಡಿದರು. ಯುದ್ಧವಾದರೆ ಧೂಳು. ರಾಣಿಯರ ಸೀರೆ ನೆಲಕ್ಕೆ ಒಂದು ಗೇಣು ಹೆಚ್ಚಾಗಿ ಹರಡಿಕೊಂಡಿರುತ್ತಿತ್ತು. ಫಜೀತಿಯಾದದ್ದು ಆಸ್ಥಾನದಲ್ಲಿ. ಅರಮನೆಯ ಫರಸಿಯ ಮೇಲೆ ಹುಲ್ಲು ಬೆಳೆಸುವುದು ಹೇಗೆ? ಅಲ್ಲಿಗೆ ನವಿಲನ್ನು ತಂದೆ. ಸಿಂಹಾಸನದ ಮುಂದೆ ಒಂದು ನವಿಲು, ನವಿಲಿಲ್ಲದಿದ್ದರೆ ದೊಡ್ಡದೊಂದು ಹಣ್ಣಿನ ಬುಟ್ಟಿ. ಒಬ್ಬ ಚಮ್ಮಾರ ರಾಜನಿಗೆ ಮೆಟ್ಟು ಹೊಲಿದುಕೊಡುವ ಕಥೆಯೂ ಬಂದಿತ್ತು. ಅದಕ್ಕೆ ಚಮ್ಮಾರನ ಮುಖ, ರಾಜನ ಮುಖ, ನಡುವೆ ಒಂದು ಜೋಡು ಮೆಟ್ಟು ಬರೆದು ಕೊಟ್ಟೆ. ಮೆಟ್ಟಿಕೊಳ್ಳುವ ಕಾಲಿನ ಬಗ್ಗೆ ಕಥೆಗಾರರು ಕಾಗದ ಬರೆಯಲಿಲ್ಲ, ಪುಣ್ಯಾತ್ಮರು.

ಶಾಲೆಯಲ್ಲಿ ಮಕ್ಕಳಿಗೆ ಕೊಡ, ಎಲೆ, ಮಾವಿನಕಾಯಿ, ಎದೆಮಟ್ಟದ ಮನುಷ್ಯ ಇಷ್ಟನ್ನೇ ಕಲಿಸಿ ನಿವೃತ್ತನಾದೆ. ಒಮ್ಮೆ ಮಾತ್ರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನ ಪುಸ್ತಕವನ್ನೇ ಎತ್ತಿ ಹಿಡಿದು ಕೇಳಿದಳು: “ಸರ್, ಮೊದಲಿನ ರಾಜರಿಗೆ ಕಾಲು ಇರ್ತಿರಲಿಲ್ಲೇನ್ರಿ?” ತರಗತಿ ಘೊಳ್ಳೆಂದಿತು. ನಾನೂ ನಕ್ಕೆ. ಕಿವಿಯ ತುದಿ ಸುಡುತ್ತಿದ್ದುದು ಅವರಿಗೆ ಕಂಡಿರಲಾರದು.

ಕೆಮ್ಮಿದಿರಾ? ಸರಿ, ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ನಮ್ಮ ಮನೆ ಹುಡುಕಿಕೊಂಡು ಬಂದಳು. ನನ್ನ ಹಳೆಯ ಪುಸ್ತಕಗಳನ್ನೆಲ್ಲ ಕಲೆಹಾಕಿ ಪ್ಲಾಸ್ಟಿಕ್ ಹೊದಿಸಿಟ್ಟುಕೊಂಡಿದ್ದಳು. ಒಳ್ಳೆಯ ಹುಡುಗಿ, ಕಣ್ಣಲ್ಲಿ ಭಕ್ತಿ. “ಸರ್, ನಿಮ್ಮ ಪಾತ್ರಗಳ ಪಾದ ಯಾವಾಗಲೂ ಮಣ್ಣಲ್ಲಿ, ನೀರಲ್ಲಿ, ಹುಲ್ಲಲ್ಲಿ ಬೆರೆತಿರುತ್ತವೆ. ಈ ಎರೆಮಣ್ಣಿನಿಂದಲೇ ಮನುಷ್ಯ ಬೆಳೆದು ನಿಂತಿದ್ದಾನೆ ಅಂತ ಹೇಳ್ತಿದ್ದೀರಿ, ಅಲ್ವಾ ಸರ್?” ಎಂದು ಕೇಳಿದಳು. ನಾನು ಏನು ಮಾಡಿದೆನೆಂದು ನೀವು ಊಹಿಸಬಹುದು. ಕಿಟಕಿಯಾಚೆ ನೋಡುತ್ತ ಮುಗುಳ್ನಕ್ಕೆ. ಆ ಮುಗುಳ್ನಗೆಯನ್ನೂ ಅವಳು ಬರೆದುಕೊಂಡಳು. ಅಡುಗೆಮನೆಯಲ್ಲಿ ಶಾಂತಾ ಲೋಟ ಕೆಳಗೆ ಬೀಳಿಸಿದ ಸದ್ದಾಯಿತು.

ಅದೇ ಹುಡುಗಿಯ ಉಮೇದಿನಿಂದ ಕಿತ್ತೂರಿನಲ್ಲಿ ನನಗೊಂದು ಸನ್ಮಾನವಾಯಿತು. ತಲೆಗೆ ಪೇಟ, ಮೈಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಹಣ್ಣಿನ ಬುಟ್ಟಿಯ ಹಿಂದೆ ಅಡಗಿ ಕೂರುವ ಸರದಿ ಈಗ ನನ್ನದಾಗಿತ್ತು. ಭಾಷಣಕಾರರು “ಮಣ್ಣಿನಿಂದ ಎದ್ದ ಮನುಷ್ಯ” ಎಂದಾಗಲೆಲ್ಲ ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವಳು ನನ್ನ ಅಕ್ಕ ಗೌರವ್ವ. ತಲೆ ತುಂಬ ಸೆರಗು ಹೊದ್ದು, ಹಣೆ ತುಂಬ ವಿಭೂತಿ ಹಚ್ಚಿ, ಉಗರಗೋಳದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಎದ್ದು ನಿಂತು, “ತಾಯಿ, ತಂದೆ, ಎಲ್ಲರೂ ಕೇಳ್ರಿ, ಇದೆಲ್ಲ ಸುಳ್ಳು, ನನಗ ಪಾದ ಬರೆಯಾಕ ಬರಂಗಿಲ್ಲ” ಎಂದು ಹೇಳಿಬಿಡಬೇಕೆಂದು ನಾಲಗೆ ತುದಿಯವರೆಗೆ ಬಂತು. ಅಕ್ಕನ ಮುಖ ನೋಡಿದೆ. ಬಂದದ್ದು ಹಾಗೇ ಗಂಟಲಿಗೆ ಇಳಿಯಿತು.

ಈ ಅಕ್ಕನ ವಿಷಯ ಹೇಳದೆ ಮುಂದೆ ಹೋಗಲಾಗದು. ಅವ್ವ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು ಇವಳು. ಅಪ್ಪ ಕೂರಿಗೆ ಹಿಡಿದು ಹೊಲಕ್ಕೆ ಹೋದರೆ ಇವಳು ರೊಟ್ಟಿಬುತ್ತಿ ಹೊತ್ತುಕೊಂಡು ಹಿಂದೆ. ನಾನು ಗೋಡೆಯ ಮೇಲೆ ಇದ್ದಿಲಿನಿಂದ ಗೀಚುತ್ತ ಮನೆಯಲ್ಲಿ. “ಅವ ಚಿತ್ರ ತಗೀಲಿ ಬಿಡಪಾ, ಹೊಲಕ್ಕ ನಾ ಬರತೇನಿ” ಎಂದು ಅಪ್ಪನಿಗೆ ಹೇಳಿ ನನ್ನನ್ನು ಉಳಿಸಿದವಳೂ ಅವಳೇ. ಮದುವೆಯಾಗಿ ಉಗರಗೋಳಕ್ಕೆ ಹೋದ ಮೇಲೆ ಅಲ್ಲಿನ ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಕಾಯಿ, ಕುಂಕುಮ, ಅರಿಶಿನದ ಭಂಡಾರ ಮಾರುವ ಅಂಗಡಿ ನಡೆಸಿದಳು. ಈಗ ಅಂಗಡಿಯಲ್ಲಿ ಮಗ ಕೂರುತ್ತಾನೆ, ಅಕ್ಕ ಊರಿನ ಭಜನಾ ಮೇಳದ ಹೆಣ್ಣುಮಕ್ಕಳ ಮುಂದಾಳು. ಅವಳು ತಾಳ ಎತ್ತಿದರೆ ಗಂಡಸರೂ ಸುಮ್ಮನಾಗುತ್ತಾರೆ.

ಅಪ್ಪ ತೀರಿಕೊಂಡ ಮರುವರ್ಷ ನನಗೊಂದು ನೀತಿಕಥೆಗಳ ಪುಸ್ತಕ ಬಂದಿತ್ತು. ಅದರಲ್ಲಿ ಊರೂರು ತಿರುಗುವ ಒಬ್ಬ ಗುರು ಬರುತ್ತಿದ್ದ. ಹೆಸರಿಲ್ಲ, ಬರೀ ಗುರು. ಆ ಗುರುವಿಗೆ ಅಪ್ಪನ ಮುಖ ಇಟ್ಟೆ. ಅದೇ ಸೊಟ್ಟ ಮೂಗು, ಅದೇ ಬಿಳಿಯ ಹುಬ್ಬು. ಪುಸ್ತಕ ಕಂಡ ಅಕ್ಕ ಅತ್ತುಕೊಂಡು ಹಟ ಹಿಡಿದಳು, “ಇದನ್ನ ದೊಡ್ಡದು ಮಾಡಿ ಬಣ್ಣ ಹಾಕಿ ಕೊಡೋ ಈರ್ಯಾ.” ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಕೊಟ್ಟೆ. ಹರಡಿನವರೆಗೆ ಹುಲ್ಲು ಇತ್ತೆಂದು ಬೇರೆ ಹೇಳಬೇಕಾಗಿಲ್ಲ. ಅಂದಿನಿಂದ ಅದು ಅಕ್ಕನ ದೇವರಜಗಲಿಯ ಮೇಲೆ ಇತ್ತು. ಊರವರಿಗೆ ಅದು ಗುರುವಿನ ಚಿತ್ರ, ಅಕ್ಕನಿಗೆ ಅಪ್ಪ.

ಕಿತ್ತೂರಿನಿಂದ ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪೇಟವನ್ನು ಬಿಚ್ಚಿ ಮಡಚಿ ಚೀಲಕ್ಕಿಡುತ್ತ ಅಕ್ಕ ಹೇಳಿದಳು: “ಅದಕ್ಕನ ಅಪ್ಪನ್ನ ಹುಲ್ಲಿನ್ಯಾಗ ನಿಂದ್ರಿಸೀದಿ ಅನ್ನು. ಮಣ್ಣಿನ ಮಗ ಅಂತ. ನಾ ಖೋಡಿ, ಇಷ್ಟು ದಿನ ನನಗ ತಿಳಿದಿರಲಿಲ್ಲ ನೋಡು.” ಹೇಳಿಬಿಡಲು ಅದು ಎರಡನೆಯ ಅವಕಾಶ. ಸವದತ್ತಿಯ ಬಸ್ಸು ಬಂತು, ಅಕ್ಕ ಹತ್ತಿಹೋದಳು.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಬಾಗಿಲಲ್ಲಿ ಅಕ್ಕ. ಕಂಕುಳಲ್ಲಿ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ಹಲಗೆ. ನೀರು ಕುಡಿಯುವ ಮೊದಲೇ ಶುರುಮಾಡಿದಳು. ಊರಲ್ಲಿ ಹೊಸ ಭಜನಾ ಮನೆ ಕಟ್ಟಿಸಿದ್ದಾರೆ. ಅದಕ್ಕೊಂದು ಗುರುವಿನ ಚಿತ್ರ ಬೇಕು. ತನ್ನ ಮನೆಯದನ್ನೇ ಕೊಡುತ್ತೇನೆಂದು ಇವಳು ಹೇಳಿದಳು. ಎಲ್ಲರೂ ಸಂತೋಷಪಟ್ಟರು. ಆದರೆ ಮೇಳದ ಹಿರಿಯ ಬಸಲಿಂಗಜ್ಜ ಚಿತ್ರವನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಕೆಳಗೇ ದೃಷ್ಟಿ ನಿಲ್ಲಿಸಿಬಿಟ್ಟ.

“‘ಅವ್ವಾ, ಎಲ್ಲಾ ಬರೋಬರಿ ಐತಿ. ಪಾದ ಎಲ್ಲಿ?’ ಅಂದ ಆ ಅಜ್ಜ. ‘ಮಣ್ಣಿಂದ ಎದ್ದು ಬಂದಾನ್ರಿ ಅಜ್ಜಾರ, ಹಂಗಂತ ಕಿತ್ತೂರಾಗ ದೊಡ್ಡದೊಡ್ಡವರ ಭಾಷಣ ಮಾಡ್ಯಾರ’ ಅಂತ ನಾ ಅಂದೆ. ‘ಎದ್ದು ಬರಲೆವ್ವಾ, ಬ್ಯಾಡ ಅನ್ನಂಗಿಲ್ಲ. ಹೂವು ಎಲ್ಲಿ ಇಡೂದು? ಹಣಿ ಎಲ್ಲಿ ಹಚ್ಚೂದು? ಪಾದ ಇಲ್ಲದ ಗುರುವಿಗೆ ಶರಣು ಮಾಡೂದು ಹ್ಯಾಂಗ?’ ಅಂದ. ಮಂದಿ ಎಲ್ಲಾ ಅವನ ಕಡಿಗೇ ಆದ್ರು.” ಅಕ್ಕನ ದನಿ ಸಣ್ಣದಾಯಿತು. “ಆ ಸೆಡವಿಗೆ ಮಾತು ಕೊಟ್ಟು ಬಂದೇನಿ. ನಮ್ಮ ತಮ್ಮ ಪಾದ ಬರದು ಕೊಡ್ತಾನ, ಶ್ರಾವಣದ ಮೊದಲನೇ ಸೋಮವಾರಕ್ಕ ತರತೇನಿ, ತರದಿದ್ರ ಮತ್ತ ನಿಮ್ಮ ನಡುವ ತಾಳ ಹಿಡಿಯಂಗಿಲ್ಲ ಅಂತ. ಊರಿಗೆ ಊರ ನಮ್ಮಪ್ಪಗ ಕೈ ಮುಗೀತೈತಿ ನೋಡೋ ಈರ್ಯಾ. ಅವರಿಗೆ ಗೊತ್ತಿರಂಗಿಲ್ಲ. ನಮಗಿಬ್ಬರಿಗೇ ಗೊತ್ತು.”

ಮೂರನೆಯ ಅವಕಾಶ ಅದು. ಅಕ್ಕನ ಜೀವನದಲ್ಲಿ ಉಳಿದಿರುವ ಒಂದೇ ಗೌರವದ ಜಾಗ ಆ ತಾಳ. ನಾನು, “ಅಪ್ಪನ ಪಾದ ಹ್ಯಾಂಗಿದ್ವು ಅಕ್ಕಾ?” ಎಂದಷ್ಟೇ ಕೇಳಿದೆ.

“ಹ್ಯಾಂಗಿರತಾವ? ಪಾದ ಇದ್ದಂಗ ಇದ್ದವು. ಮಾರಿ ನೆನಪಿಟ್ಟಾವಗ ಪಾದ ನೆನಪಿರಂಗಿಲ್ಲೇನು?” ಎಂದು ಅಕ್ಕ ಮಧ್ಯಾಹ್ನದ ಬಸ್ಸಿಗೆ ಹೊರಟೇಬಿಟ್ಟಳು.

ನೆನಪಿರಲಿಲ್ಲ. ಹಬ್ಬಹುಣ್ಣಿಮೆಗೆ, ಪರೀಕ್ಷೆಗೆ ಹೋಗುವಾಗ, ಮದುವೆಯಲ್ಲಿ, ನೌಕರಿಗೆ ಸೇರಿದ ದಿನ ಅಪ್ಪನ ಪಾದಕ್ಕೆ ಹಣೆ ಹಚ್ಚಿದವನು ನಾನು. ಪ್ರತಿಸಲವೂ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡಿದ್ದೆ. ಹಣೆಗೆ ತಾಗಿದ ಒರಟು ಮಾತ್ರ ನೆನಪಿದೆ, ಆಕಾರವಿಲ್ಲ. ಎದುರಿಗೆ ಹಲಗೆಯಲ್ಲಿ ಅಪ್ಪ ಹುಲ್ಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಅವತ್ತು ನಾನು ಊಟ ಮಾಡಲಿಲ್ಲ.

ಮಾದರಿ ಬೇಕಲ್ಲ? ಮೊದಲು ಮಹಾದೇವಪ್ಪನ ಹತ್ತಿರ ಹೋದೆ. ಈಗ ಅವನೂ ನಿವೃತ್ತ. ದಿನವೂ ಬನ್ನಿಗಿಡದ ಕಟ್ಟೆಯ ಮೇಲೆ ಕಾಲು ಚಾಚಿಯೇ ಕೂತಿರುತ್ತಾನೆ. ಆರು ಊರಿನ ಧೂಳು ಕಂಡ ಪಾದ. “ಗುರುವಿನ ಚಿತ್ರಕ್ಕ ನಿನ್ನ ಕಾಲು ಬರಕೋತೇನಿ, ಸ್ವಲ್ಪ ಕುಂದ್ರು” ಎಂದೆ. ಚಾಚಿದ ಕಾಲನ್ನು ಹಾವು ಕಂಡವನಂತೆ ಎಳೆದುಕೊಂಡ.

“ಗುರುವಿಗೆ ನನ್ನ ಕಾಲ? ಮಂದಿ ಬಂದು ಅದಕ್ಕ ಹಣಿ ಹಚ್ಚತಾರ, ಹೂವು ಹಾಕ್ತಾರ. ಆ ಪಾಪ ಎಲ್ಲಿ ತೊಳಕೊಳ್ಳಲಿ ಮಾಸ್ತರ? ಮಾರಿ ಬೇಕಾದ್ರ ತಗೋ, ಕಳ್ಳನ ಮಾಡು, ಕೊಲೆಗಾರನ ಮಾಡು. ಕಾಲು ಮಾತ್ರ ಒಲ್ಲೆ.”

ಓಣಿಯ ಎಲ್ಲ ಮುದುಕರದೂ ಇದೇ ಮಾತು. ಮುಖ ಕೊಡಲು ಪೈಪೋಟಿ ಮಾಡಿದ ಊರು ಪಾದ ಕೇಳಿದೊಡನೆ ಧೋತರ ಇಳಿಬಿಟ್ಟುಕೊಂಡಿತು. ಕಟಿಂಗ್ ಅಂಗಡಿಯ ಕಟ್ಟೆಗೆ ನಾನು ಬಂದರೆ ಎಲ್ಲರೂ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಳ್ಳತೊಡಗಿದರು. ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರು ನಿಂತಾಗ ಅದರ ಮೇಲೆ ಮಲಗಿದವನ ಜೋಲುಬಿದ್ದ ಕಾಲನ್ನು ಕದ್ದು ಬರೆಯಲು ಪೆನ್ಸಿಲ್ ತೆಗೆದೆ. ಅವನು ಎಚ್ಚರಾಗಿ, “ಏನ್ ಅಳತಿ ತಗೊಳ್ಳಾಕ ಹತ್ತೀರಿ ಯಜಮಾನ್ರ, ಚಪ್ಪಲಿ ಕೊಡಸ್ತೀರೇನು?” ಎಂದ.

ಬೇರೆ ದಾರಿಯಿಲ್ಲದೆ ನನ್ನ ಕಾಲಿಗೇ ಶರಣಾದೆ. ಮಣೆಯ ಮೇಲೆ ಕೂತು, ಪಾದಗಳನ್ನು ಇಟ್ಟಿಗೆಯ ಮೇಲಿಟ್ಟು, ಎದುರಿಗೆ ಶಾಂತಾಳ ಕನ್ನಡಿ ಓರೆಯಾಗಿ ನಿಲ್ಲಿಸಿದೆ. ಬದುಕಿನಲ್ಲಿ ಮೊದಲ ಸಲ ಒಂದು ಪಾದವನ್ನು ನೆಟ್ಟಗೆ ನೋಡಿದೆ. ಹೆಬ್ಬೆರಳು ಸ್ವಲ್ಪ ಹೊರಕ್ಕೆ ಬಾಗಿತ್ತು. ಕಿರುಬೆರಳು ಪಕ್ಕದ್ದರ ಕೆಳಗೆ ಹೊಕ್ಕಿತ್ತು. ಹಾಳೆಯ ಮೇಲೆ ಹಾಳೆ ಹರಿದೆ. ಒಂದು ದಿನ ಶೇಂಗಾ ಹೋಗಿ ಬೆರಳು ಬಂತು. ಇನ್ನೊಂದು ದಿನ ಬದನೆಕಾಯಿ ಕರಗಿ ಹಿಮ್ಮಡಿ ನಿಂತಿತು. ಆ ಸಂತೋಷವನ್ನು ಏನು ಹೇಳಲಿ! ಇಷ್ಟೇನಾ, ಇಷ್ಟಕ್ಕಾಗಿ ಅಷ್ಟು ವರ್ಷ ಹುಲ್ಲು ಬೆಳೆದೆನಾ ಎಂದು ನಕ್ಕೆ, ಒಂದಿಷ್ಟು ಅತ್ತೆ ಕೂಡ.

ಹಲಗೆಯ ಮೇಲಿನ ಹುಲ್ಲನ್ನು ಒರೆಸಿ ಕಲ್ಲಿನ ಮೆಟ್ಟಿಲು ಬರೆದು, ಅದರ ಮೇಲೆ ಪಾದಗಳನ್ನಿಟ್ಟೆ. ಇಟ್ಟಮೇಲೆ ತಿಳಿಯಿತು, ಇವು ಅಪ್ಪನ ಮುಖಕ್ಕೆ ಹೊಂದುವುದಿಲ್ಲ. ಮೆತ್ತಗಿನ, ಬಿಳಿಚಿದ, ಬೂಟಿನೊಳಗೆ ಬೆಳೆದ ಮಾಸ್ತರನ ಪಾದ. ಒಂದು ದಿನವೂ ಬರಿಗಾಲಲ್ಲಿ ಎರೆಹೊಲಕ್ಕೆ ಇಳಿದವನಲ್ಲ ನಾನು. ಬಣ್ಣ ಗಟ್ಟಿಯಾಗಿ ಕಲಸಿ ಕಂದು ಮಾಡಿದೆ. ಹಿಮ್ಮಡಿಗೆ ಸಣ್ಣ ಕುಂಚದಿಂದ ಬಿರುಕು ಬರೆದೆ. ಉಗುರಿನ ಅಂಚಿಗೆ ಮಣ್ಣು ಕೂರಿಸಿದೆ. ನಡೆಯದ ಹಾದಿಯ ಧೂಳನ್ನೆಲ್ಲ ಕುಂಚದಿಂದ ಬಳಿದುಕೊಂಡ ಮೇಲೆ ನನ್ನ ಪಾದ ಅಪ್ಪನದಾಯಿತು.

ಶಾಂತಾ ಬಂದು ನೋಡಿದಳು. ಚಿತ್ರ ನೋಡಿದಳು, ಇಟ್ಟಿಗೆಯ ಮೇಲಿನ ನನ್ನ ಕಾಲು ನೋಡಿದಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ತಟ್ಟನೆ ನಿಂತಿತು.

“ಇದಕ್ಕ ಗೌರಕ್ಕ ಹಣಿ ಹಚ್ಚತಾರಲ್ರೀ.”

ನಮ್ಮಲ್ಲಿ ಹಿರಿಯ ಅಕ್ಕನೆಂದರೆ ತಾಯಿ. ತಮ್ಮನ ಕಾಲು ಅರಿಯದೆ ತಾಗಿದರೂ ತಮ್ಮನೇ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ನಾನು ಹೇಳಿದೆ, “ಅಪ್ಪನ ಕಾಲು ಮಗಗ ಬಂದಿರತಾವ ಬಿಡ.” ಶಾಂತಾ, “ಬಂದಿದ್ರ ಚಲೋನ ಆತು. ಆದ್ರ ಹೇಳಿಬಿಡ್ರಿ. ಹೇಳಿದ ಮ್ಯಾಲ ಅವರು ಬೇಕಾದ್ದು ಮಾಡಲಿ” ಎಂದಳು. ಹೇಳುತ್ತೇನೆಂದೆ. ಬೈಲಹೊಂಗಲದಿಂದ ಸವದತ್ತಿಯವರೆಗೆ ಬಸ್ಸಿನಲ್ಲಿ ಅದನ್ನೇ ಮನಸ್ಸಿನಲ್ಲಿ ಬಾಯಿಪಾಠ ಮಾಡಿದೆ. “ಅಕ್ಕಾ, ನನಗ ಪಾದ ಬರ್ತಿರಲಿಲ್ಲ. ಕಿತ್ತೂರಾಗ ಹೇಳಿದ್ದು ಸುಳ್ಳು. ಇವು ನನ್ನ ಕಾಲು.” ಸವದತ್ತಿಯಲ್ಲಿ ಇಳಿದು ಉಗರಗೋಳದ ಬಸ್ಸು ಹಿಡಿಯುವ ಹೊತ್ತಿಗೆ ಮಾತು ನಾಲಗೆಯ ಮೇಲೆ ಸರಿಯಾಗಿ ಕೂತಿತ್ತು.

ಅಕ್ಕ ಅಂಗಳದಲ್ಲೇ ಸೀರೆ ಬಿಚ್ಚಿ ಹಲಗೆ ನೋಡಿದಳು. ಬಗ್ಗಿ, ಬೆರಳ ತುದಿಯಿಂದ ನಾನು ಬರೆದ ಬಿರುಕುಗಳನ್ನು ಒಂದೊಂದಾಗಿ ಸವರಿದಳು. “ಅಪ್ಪನ ಕಾಲೋ ಈರ್ಯಾ,” ಎಂದಳು. “ನನಗ ಮರತ ಹೋಗಿದ್ವು. ಖರೇನ ಅಪ್ಪನ ಕಾಲು. ಇದ ಹೆಬ್ಬಟ್ಟು ನೋಡು, ಹಿಂಗ ಹೊರಗ ಬಾಗಿರ್ತಿತ್ತು.” ಅವಳ ಕಣ್ಣಿಂದ ನೀರು ಹಲಗೆಯ ಮೇಲೆ ಬಿತ್ತು, ಸೆರಗಿನಿಂದ ಒರೆಸಿದಳು. ಅವಳಿಗೆ ನಿಜವಾಗಿ ನೆನಪಾಯಿತೋ, ನಾನು ಬರೆದದ್ದೇ ಅವಳ ನೆನಪಾಯಿತೋ, ನನಗೆ ಇಂದಿಗೂ ಗೊತ್ತಿಲ್ಲ. ಬಾಯಿಪಾಠ ಮಾಡಿದ್ದರಲ್ಲಿ ಒಂದಕ್ಷರವೂ ಹೊರಬರಲಿಲ್ಲ.

ಭಜನಾ ಮನೆಯಲ್ಲಿ ಎಲ್ಲರೂ ಬರಿಗಾಲಲ್ಲಿ. ನಾನು ಜನರ ಹಿಂದೆ ಗೋಡೆಗೆ ಆನಿಸಿ, ಪಾದಗಳನ್ನು ಜಮಖಾನೆಯ ಅಂಚಿನಡಿ ತೂರಿಸಿ ಕೂತೆ. ಬಸಲಿಂಗಜ್ಜ ಚಿತ್ರದ ಮುಂದೆ ನಿಂತು, “ಈಗ ನೋಡ್ರಿ, ಗುರು ಬಂದು ನಿಂತಂಗ ಆತು” ಎಂದ. ಪಾದದ ಮೇಲೆ ವಿಭೂತಿ ಬಿತ್ತು, ಸೇವಂತಿಗೆ ಬಿತ್ತು. ಒಬ್ಬೊಬ್ಬರಾಗಿ ಬಂದು ಹಣೆ ಹಚ್ಚಿದರು. ಮುದುಕರು, ಮುದುಕಿಯರು, ನನಗಿಂತ ಹಿರಿಯರು. ಪ್ರತಿ ಹಣೆ ತಾಗಿದಾಗಲೂ ಜಮಖಾನೆಯಡಿ ನನ್ನ ಬೆರಳುಗಳು ಮುದುಡಿಕೊಂಡವು. ಕೊನೆಗೆ ಅಕ್ಕ ಹೋದಳು. ಮಂಡಿಯೂರಲು ಕಷ್ಟ, ಆದರೂ ಊರಿದಳು. ಹಣೆ ಹಚ್ಚಿ ಅಲ್ಲೇ ಉಳಿದಳು. ಅವಳ ಬೆನ್ನು ಅಲುಗುತ್ತಿತ್ತು. ಓಡಿಹೋಗಿ ಎತ್ತಬೇಕೆನಿಸಿತು. ಎತ್ತಲು ಯಾವ ಮುಖ ನನಗೆ? ಹಾಗೇ ಕೂತಿದ್ದೆ. ಆಮೇಲೆ ಎದ್ದು ತಾಳ ಎತ್ತಿದಳು, ಮೇಳ ಶುರುವಾಯಿತು. ಅಷ್ಟು ಗಟ್ಟಿ ದನಿಯಲ್ಲಿ ಅಕ್ಕ ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಈಗಲೂ ದಿನಾ ಬೆಳಗ್ಗೆ ಮಡಿಯುಟ್ಟು ಹೋಗಿ ಮೊದಲ ಹೂವನ್ನು ತಾನೇ ಇಡುತ್ತಾಳಂತೆ. ಫೋನಿನಲ್ಲಿ ಹೇಳುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ. ಹೇಳಿಬಿಡಬಹುದು. ಹೇಳಿದರೆ ಅಪ್ಪ ಮತ್ತೆ ಹುಲ್ಲಿಗೆ ಹೋಗುತ್ತಾನೆ. ಹೇಳದಿದ್ದರೆ ನನ್ನನ್ನು ಸಾಕಿದವಳು ನಾಳೆಯೂ ನನ್ನ ಕಾಲಿಗೆ ಬೀಳುತ್ತಾಳೆ.

ಅವತ್ತು ಭಜನೆ ಮುಗಿದು ಹೊರಡುವಾಗ, ವಾಡಿಕೆಯಂತೆ, ಅಕ್ಕನ ಪಾದಕ್ಕೆ ಬಗ್ಗಿದೆ. ಪಾದ ನೋಡುವ ಚಟ ಆಗಷ್ಟೇ ಹತ್ತಿತ್ತಲ್ಲ, ಕಣ್ಣು ಮುಚ್ಚಲಿಲ್ಲ. ನಾನು ಬಣ್ಣದಿಂದ ಬರೆದ ಬಿರುಕುಗಳೆಲ್ಲ ಅಲ್ಲಿ ನಿಜವಾಗಿ ಇದ್ದವು. ನನ್ನ ಬದಲು ಹೊಲಕ್ಕೆ ಹೋದ ಪಾದಗಳು. ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಕಿರುಬೆರಳು ಪಕ್ಕದ್ದರ ಕೆಳಗೆ ಹೊಕ್ಕಿತ್ತು. ಊರೆಲ್ಲ ಅಲೆದು ಮಾದರಿ ಹುಡುಕಿದ್ದೆ. ಹಲಗೆ ಹೊತ್ತು ನನ್ನ ಬಾಗಿಲಿಗೆ ಬಂದ ದಿನ ಇವು ನನ್ನೆದುರಿಗೇ ನಿಂತಿದ್ದವು.

“ಯಾಕೋ ಈರ್ಯಾ, ಇನ್ನೂ ಬಗ್ಗೇ ನಿಂತೀಯಲ್ಲ?” ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟು ಕೇಳಿದಳು. “ನಡು ಹಿಡೀತೇನು?”

“ಹೂಂ ಅಕ್ಕಾ,” ಎಂದೆ, “ಏಳಾಕ ಆಗವಲ್ದು.”